ಮುಲ್ಕಿ ಯಾರು? ಇ-ಸ್ಪೋರ್ಟ್ಸ್ ಅಂಗಳದಲ್ಲಿ ಪ್ರಾದೇಶಿಕ ಬೇಲಿ ಎದ್ದ ಬಗೆ

ಕಲಬುರಗಿ, ಬೀದರ್, ಯಾದಗಿರಿ ಭಾಗದ ಹಿರಿಯರಿಗೆ ‘ಮುಲ್ಕಿ’, ‘ಗೈರ್‌ಮುಲ್ಕಿ’ ಎಂಬ ಪದಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಜಾಮರ ಕಾಲದಲ್ಲಿ, 1919ರ ಫರ್ಮಾನಿನಂತೆ, ಹೈದರಾಬಾದ್ ಸಂಸ್ಥಾನದ ಸರ್ಕಾರಿ ನೌಕರಿ ಮುಲ್ಕಿಗಳ ಪಾಲಿನದಾಗಿತ್ತು. ಮುಲ್ಕಿ ಎಂದರೆ ಹುಟ್ಟಿನಿಂದಲೇ ಸಂಸ್ಥಾನದ ಪ್ರಜೆಯಾದವನು ಅಥವಾ 15 ವರ್ಷ ಇಲ್ಲಿ ನೆಲೆ ನಿಂತವನು; ಉಳಿದವನು ಗೈರ್‌ಮುಲ್ಕಿ. ಸಂಸ್ಥಾನ ಹೋಯಿತು, 1956ರಲ್ಲಿ ಈ ಜಿಲ್ಲೆಗಳು ಕನ್ನಡ ನಾಡಿಗೆ ಸೇರಿದವು, ಆದರೆ ಪ್ರಶ್ನೆ ಉಳಿಯಿತು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯ ಅಡಿಯಲ್ಲಿ 2013ರಲ್ಲಿ ಹೊರಟ ಆದೇಶವು ಇಲ್ಲಿನ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80ರಷ್ಟನ್ನೂ ಗ್ರೂಪ್ ಡಿ ಹುದ್ದೆಗಳಲ್ಲಿ ಶೇ 85ರಷ್ಟನ್ನೂ ಸ್ಥಳೀಯರಿಗೆ ಕಾಯ್ದಿರಿಸಿದಾಗ, ಸ್ಥಳೀಯ ಎಂದರೆ ಯಾರು ಎಂಬುದನ್ನು ಹುಟ್ಟು ಅಥವಾ ಕನಿಷ್ಠ 10 ವರ್ಷಗಳ ವಾಸ ಎಂಬ ಅಳತೆಗಳಿಂದ ಮತ್ತೊಮ್ಮೆ ಗೊತ್ತುಪಡಿಸಬೇಕಾಯಿತು.

ಇದೇ ತಕರಾರು ಕಳೆದ ಒಂದು ದಶಕದಿಂದ ಇ-ಸ್ಪೋರ್ಟ್ಸ್, ಅಂದರೆ ವಿಡಿಯೊ ಗೇಮ್ ಸ್ಪರ್ಧೆಗಳ ಜಗತ್ತನ್ನೂ ಕಾಡುತ್ತಿದೆ. ಒಂದು ಪ್ರದೇಶದ ಟೂರ್ನಿಯಲ್ಲಿ ಆ ಪ್ರದೇಶದವರೇ ಆಡಬೇಕೆ, ಅಥವಾ ಎಲ್ಲಿಂದ ಬಂದವರಾದರೂ ಸರಿ, ಗೆದ್ದವನಿಗೇ ಸ್ಥಾನವೆ? ಆಟಗಾರರ ಬಾಯಲ್ಲಿ ಇದಕ್ಕೆ ‘ರೀಜನ್ ಲಾಕ್’ ಎಂಬ ಹೆಸರಿದೆ. ಈ ಲಾಕ್ ಯಾಕೆ ಬಂತು, ಅದರಿಂದ ಯಾರಿಗೆ ಏನು ದಕ್ಕಿತು ಎಂಬುದನ್ನು ತಿಳಿಯದೆ ಪರ ಅಥವಾ ವಿರೋಧ ನಿಲ್ಲುವುದು ಸುಲಭ. ತಿಳಿದ ಮೇಲೆ ಅಷ್ಟು ಸುಲಭವಲ್ಲ.

ಪರದೆಯ ಮೇಲಿನ ಆಟಕ್ಕೆ ಊರಿನ ಹಂಗೇಕೆ ಎಂದು ಕೇಳುವವರು ಮೊದಲು ದೂರದ ಲೆಕ್ಕ ನೋಡಬೇಕು. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸಿಯೋಲ್‌ನಿಂದ ಲಾಸ್ ಏಂಜಲೀಸ್ ಸುಮಾರು 9,600 ಕಿಲೋಮೀಟರ್ ದೂರವಿರುವುದರಿಂದ, ಆಟಗಾರ ಗುಂಡಿ ಒತ್ತಿದ ಸುದ್ದಿ ಅಲ್ಲಿನ ಸರ್ವರ್ ಮುಟ್ಟಿ ಉತ್ತರ ಹಿಂದಿರುಗಲು ಏನಿಲ್ಲವೆಂದರೂ 96 ಮಿಲಿಸೆಕೆಂಡ್ ಬೇಕು, ದಾರಿಯ ತಿರುವುಗಳಿಂದಾಗಿ ವಾಸ್ತವದಲ್ಲಿ ಇನ್ನೂ ಹೆಚ್ಚು. ಹುಡುಗರು ‘ಪಿಂಗ್’ ಎನ್ನುವುದು ಇದನ್ನೇ. ಆದ್ದರಿಂದ ಸರ್ವರ್‌ಗಳು ಖಂಡಕ್ಕೊಂದು ಹುಟ್ಟಿದವು, ಅವುಗಳ ಸುತ್ತ ಟೂರ್ನಿಗಳು ಹುಟ್ಟಿದವು. ಪ್ರದೇಶ ಎಂಬುದು ಇಲ್ಲಿ ಮೊದಲಿಗೆ ಅಭಿಮಾನದ ವಿಷಯವಾಗಿರದೆ ಬರೀ ತಂತಿಯ ವಿಷಯವಾಗಿತ್ತು.

ಅಭಿಮಾನ ಬಂದದ್ದು ದಕ್ಷಿಣ ಕೊರಿಯಾದಿಂದ. 1998ರಲ್ಲಿ ಹೊರಬಂದ ಸ್ಟಾರ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಯುದ್ಧತಂತ್ರದ ಆಟವನ್ನು ಆ ದೇಶ ತನ್ನದಾಗಿಸಿಕೊಂಡಿತು. ಅಲ್ಲಿ ತಂಡಗಳಿಗೆ ದೊಡ್ಡ ಕಂಪನಿಗಳ ಆಶ್ರಯವಿತ್ತು, ಆಟಗಾರರು ಒಂದೇ ಮನೆಯಲ್ಲಿ ಉಂಡು ಮಲಗಿ ಹಗಲಿರುಳು ಅಭ್ಯಾಸ ಮಾಡುತ್ತಿದ್ದರು, ಟಿವಿಯಲ್ಲಿ ಪಂದ್ಯಗಳು ಬರುತ್ತಿದ್ದವು. ಗರಡಿಮನೆಯಲ್ಲಿ ಬೆಳೆದ ಪೈಲ್ವಾನನಿಗೂ ಹೊಲದ ಕೆಲಸ ಮುಗಿಸಿ ಕಣಕ್ಕಿಳಿಯುವವನಿಗೂ ಇರುವ ಅಂತರವೇ ಕೊರಿಯನ್ನರಿಗೂ ಉಳಿದವರಿಗೂ ಇತ್ತು. 2013ರಲ್ಲಿ, ಈ ಆಟ ತಯಾರಿಸಿದ ಬ್ಲಿಝಾರ್ಡ್ ಕಂಪನಿಯು ಅದರ ಮುಂದಿನ ಆವೃತ್ತಿ ಸ್ಟಾರ್‌ಕ್ರಾಫ್ಟ್ 2ರ ವಿಶ್ವ ಚಾಂಪಿಯನ್‌ಶಿಪ್ ಸರಣಿಯನ್ನು ಕೊರಿಯಾ, ಯುರೋಪ್, ಅಮೆರಿಕ ಎಂದು ಮೂರು ಪಾಲು ಮಾಡಿತು. ಆದರೆ ಯಾರು ಯಾವ ಪಾಲಿನಲ್ಲಿ ಆಡಬಹುದು ಎಂಬುದಕ್ಕೆ ಕಟ್ಟುಪಾಡು ಹಾಕಲಿಲ್ಲ.

ಆದದ್ದು ನಿರೀಕ್ಷಿಸಬಹುದಾದದ್ದೇ. ತವರಿನ ಕಡು ಪೈಪೋಟಿಯಲ್ಲಿ ನಡುವಿನ ಸ್ಥಾನದಲ್ಲಿದ್ದ ಕೊರಿಯನ್ನರಿಗೂ ಅಮೆರಿಕ, ಯುರೋಪಿನ ಬಹುಮಾನ ಕೈಗೆಟುಕುವ ಹಣ್ಣಾಗಿ ಕಂಡಿತು. ಕೆಲವರಂತೂ ಆರಂಭದ ಸುತ್ತುಗಳನ್ನು ಊರು ಬಿಡದೆ, ದೂರದಿಂದಾಗುವ ವಿಳಂಬ, ಅಂದರೆ ಲ್ಯಾಗ್ ಸಹಿಸಿಕೊಂಡೇ ಆಡಿದರು. ಆ ವರ್ಷ ಅಮೆರಿಕದಲ್ಲಿ ಮೂರು, ಯುರೋಪಿನಲ್ಲಿ ಮೂರು, ಒಟ್ಟು ಆರು ಪ್ರಶಸ್ತಿಗಳೂ ಕೊರಿಯನ್ನರ ಪಾಲಾದವು. ವರ್ಷದ ಕೊನೆಯ ಜಾಗತಿಕ ಸುತ್ತಿಗೆ ಬಂದ 16 ಜನರಲ್ಲಿ 15 ಮಂದಿ ಕೊರಿಯನ್ನರು, ಉಳಿದ ಒಬ್ಬ ಸ್ವೀಡನ್ನಿನ ನಾನಿವಾ. ಪ್ರಾದೇಶಿಕ ಟೂರ್ನಿ ಎಂಬ ಹೆಸರಷ್ಟೇ ಉಳಿದಿತ್ತು.

ಆ ಆರರಲ್ಲಿ ಎರಡನ್ನು ಗೆದ್ದವನು ‘ಪೋಲ್ಟ್’ ಎಂಬ ಹೆಸರಿನಲ್ಲಿ ಆಡುತ್ತಿದ್ದ ಚೋಯ್ ಸಿಯಾಂಗ್-ಹುನ್. ಇವನ ಪ್ರಸಂಗ ಸ್ವಲ್ಪ ಬೇರೆ. ಇವನು ಬಹುಮಾನಕ್ಕಾಗಿ ವಾರದ ಮಟ್ಟಿಗೆ ಹಾರಿ ಬಂದವನಲ್ಲ, ಟೆಕ್ಸಸ್‌ಗೆ ಓದಲು ಬಂದು ಅಲ್ಲಿಯೇ ಇದ್ದವನು. 2015ರಲ್ಲಿ ಬ್ಲಿಝಾರ್ಡ್ ನಿಯಮ ಬಿಗಿ ಮಾಡಿ, ಆಯಾ ಪ್ರದೇಶದ ಪೌರತ್ವ, ಕಾಯಂ ವಾಸ ಅಥವಾ ದೀರ್ಘಾವಧಿಯ ವೀಸಾ ಬೇಕೆಂದಾಗ ಅನೇಕ ಕೊರಿಯನ್ನರು ಹೊರಬಿದ್ದರೂ ಇವನು ಒಳಗೇ ಉಳಿದ. ಅಮೆರಿಕದ ಪ್ರೇಕ್ಷಕರಲ್ಲಿ ಕೆಲವರಿಗೆ ಅವನು ತಮ್ಮವನಾಗಿದ್ದ, ಕೆಲವರಿಗೆ ಕೊನೆಯವರೆಗೂ ಹೊರಗಿನವನೇ. ಮುಲ್ಕಿ ಪ್ರಮಾಣಪತ್ರದ ತಂಟೆಗಳನ್ನು ಕಂಡ ಮನೆತನದವರಿಗೆ ಈ ಬಿಕ್ಕಟ್ಟು ಹೊಸದಲ್ಲ.

2016ರಲ್ಲಿ ಬೇಲಿ ಪೂರ್ಣಗೊಂಡಿತು. ಜಾಗತಿಕ ಸುತ್ತಿನ 16 ಸ್ಥಾನಗಳಲ್ಲಿ 8 ಕೊರಿಯಾದ ಟೂರ್ನಿಗಳಿಗೆ, 8 ಉಳಿದ ಜಗತ್ತಿಗೆ ಎಂದಾಯಿತು. ಕೊರಿಯಾದಲ್ಲಿ ಒಂಬತ್ತನೆಯವನಾಗಿ ಮನೆಯಲ್ಲಿ ಕುಳಿತವನು ಹೊರಗಿನ ಎಂಟನೆಯವನನ್ನು ನಿದ್ದೆಗಣ್ಣಿನಲ್ಲಿ ಸೋಲಿಸಬಲ್ಲ ಎಂಬ ದೂರು ಕೇಳಿಬಂತು, ಅದು ಬಹುಮಟ್ಟಿಗೆ ನಿಜವೂ ಆಗಿತ್ತು. ಆದರೆ ಎರಡು ವರ್ಷಗಳ ನಂತರ, 2018ರ ನವೆಂಬರಿನಲ್ಲಿ, ಫಿನ್ಲೆಂಡಿನ ಯೂನಾ ಸೊಟಾಲಾ, ಆಟದ ಹೆಸರಿನಲ್ಲಿ ‘ಸೆರಾಲ್’, ಅಂತಿಮ ಪಂದ್ಯದಲ್ಲಿ ಕೊರಿಯಾದ ‘ಸ್ಟ್ಯಾಟ್ಸ್’ನನ್ನು 4-2ರಿಂದ ಮಣಿಸಿ ಈ ಸರಣಿಯ ಜಾಗತಿಕ ಕಿರೀಟ ಧರಿಸಿದ ಮೊದಲ ಕೊರಿಯೇತರನಾದ. ಬೇಲಿಯ ಪರ ವಾದಿಸುವವರು ಇಂದಿಗೂ ಮುಂದಿಡುವ ಮೊದಲ ಸಾಕ್ಷಿ ಇದೇ: ಒಳಗೆ ಬಹುಮಾನ ಸಿಕ್ಕಿತು, ಬಹುಮಾನದಿಂದ ಹೊಟ್ಟೆ ತುಂಬಿತು, ಹೊಟ್ಟೆ ತುಂಬಿದ್ದರಿಂದ ಪೂರ್ಣಾವಧಿ ಅಭ್ಯಾಸ ಸಾಧ್ಯವಾಯಿತು, ಅಭ್ಯಾಸದಿಂದ ಸೆರಾಲ್ ಹುಟ್ಟಿದ.

ಈ ಸಾಕ್ಷಿಯನ್ನು ಪೂರ್ತಿ ಒಪ್ಪುವ ಮೊದಲು ಅದೇ ಕಾಲದ ಕೊರಿಯಾವನ್ನೂ ನೋಡಬೇಕು. ಪಂದ್ಯ ಮಾರಿಕೊಂಡ ಹಗರಣಗಳಿಂದ ಅಲ್ಲಿ ಆಟದ ಹೆಸರು ಕೆಟ್ಟಿತ್ತು, ಪ್ರಾಯೋಜಕರು ಹಿಂದೆ ಸರಿದಿದ್ದರು, 2016ರ ಅಕ್ಟೋಬರಿನಲ್ಲಿ ತಂಡಗಳ ದೊಡ್ಡ ಲೀಗ್ ಆಗಿದ್ದ ಪ್ರೊಲೀಗ್ ಮುಚ್ಚಿ, ಅದರೊಂದಿಗೆ ಐದು ತಂಡಗಳು ಕರಗಿದವು. ಹೊರಗಿನ ಟೂರ್ನಿಗಳ ಬಾಗಿಲೂ ಮುಚ್ಚಿದ್ದ ಆ ಹೊತ್ತಿನಲ್ಲಿ ಕೊರಿಯಾದ ಹೊಸ ಹುಡುಗರಿಗೆ ಈ ಆಟ ಹಿಡಿಯಲು ಕಾರಣವೇ ಉಳಿಯಲಿಲ್ಲ. ಯುರೋಪ್ ಏರಿತೋ, ಕೊರಿಯಾ ಇಳಿಯಿತೋ? ಎರಡೂ ಆಯಿತೆಂದೇ ನನ್ನ ಎಣಿಕೆ. ಸೆರಾಲ್‌ನಂಥ ಆಟಗಾರನನ್ನು ನಿಯಮವೊಂದೇ ಹಡೆಯಲಾರದು. ಆದರೆ ಅವನು ಬೆಳೆಯುವ ತನಕ ಆಟವನ್ನು ಬಿಟ್ಟುಹೋಗದಂತೆ ನೋಡಿಕೊಂಡದ್ದರಲ್ಲಿ ನಿಯಮದ ಪಾಲಿದೆ.

ಐವರ ತಂಡಗಳು ಆಡುವ ಲೀಗ್ ಆಫ್ ಲೆಜೆಂಡ್ಸ್ ಆಟದಲ್ಲಿ ಕಥೆ ಬೇರೆ ದಿಕ್ಕಿನಿಂದ ಶುರುವಾಯಿತು. 2014ರಲ್ಲಿ ಎಲ್‌ಎಂಕ್ಯೂ ಎಂಬ ಚೀನೀ ಆಟಗಾರರ ಇಡೀ ತಂಡವೇ ಅಮೆರಿಕಕ್ಕೆ ಬಂದಿಳಿದು, ಅಲ್ಲಿನ ಲೀಗ್ ಸೇರಿ, ಅಮೆರಿಕದ ಪಾಲಿನ ಸ್ಥಾನದಲ್ಲಿ ವಿಶ್ವ ಚಾಂಪಿಯನ್‌ಶಿಪ್‌ಗೆ ಹೋಯಿತು. ಅದೇ ವರ್ಷ ಸಿಯೋಲ್‌ನಲ್ಲಿ ವಿಶ್ವ ಚಾಂಪಿಯನ್ ಆದ ಸ್ಯಾಮ್‌ಸಂಗ್ ವೈಟ್ ತಂಡದ ಐವರೂ ಕೆಲವೇ ವಾರಗಳಲ್ಲಿ ಹೆಚ್ಚಿನ ಸಂಬಳಕ್ಕೆ ಚೀನಾಕ್ಕೆ ಹೊರಟರು. ಈ ಆಟದ ತಯಾರಕ ರಯಟ್ ಗೇಮ್ಸ್ ಕಂಪನಿಯು ಆಟಗಾರರ ವಲಸೆಗೆ ನೀತಿಯೊಂದನ್ನು ರೂಪಿಸಿ, ಕಣಕ್ಕಿಳಿಯುವ ಐವರಲ್ಲಿ ಕನಿಷ್ಠ ಮೂವರು ಆಯಾ ಪ್ರದೇಶದ ನಿವಾಸಿಗಳಾಗಿರಬೇಕೆಂದು 2015ರಿಂದ ಜಾರಿಗೆ ತಂದಿತು. ಇದು ಬಾಗಿಲು ಮುಚ್ಚುವ ಕ್ರಮವಲ್ಲ, ಎಣಿಸಿ ಒಳಬಿಡುವ ಕ್ರಮ. ನಮ್ಮ ಐಪಿಎಲ್ 2008ರಿಂದಲೂ ಹನ್ನೊಂದರಲ್ಲಿ ನಾಲ್ವರು ವಿದೇಶಿಯರೆಂಬ ಮಿತಿಯನ್ನು ಪಾಲಿಸುತ್ತ ಬಂದಿರುವುದರಿಂದ ಇಲ್ಲಿನ ಓದುಗರಿಗೆ ಇದು ಪರಿಚಿತ ಲೆಕ್ಕ.

ಒಂದೇ ನಿಯಮ ಎರಡು ನೆಲಗಳಲ್ಲಿ ಎರಡು ಬಗೆಯ ಬೆಳೆ ಕೊಟ್ಟಿತು. ಚೀನಾದಲ್ಲಿ ಆಡುವ ಮಂದಿ ಅಪಾರ, ಕೆಳ ಹಂತದ ಲೀಗ್ ಗಟ್ಟಿ. ಅಲ್ಲಿ ಇಬ್ಬರು ಕೊರಿಯನ್ನರ ಜೊತೆ ಮೂವರು ಚೀನೀಯರು ಬೆಳೆದರು, 2018ರಲ್ಲಿ ಇನ್ವಿಕ್ಟಸ್ ಗೇಮಿಂಗ್, 2019ರಲ್ಲಿ ಫನ್‌ಪ್ಲಸ್ ಫೀನಿಕ್ಸ್ ವಿಶ್ವ ಚಾಂಪಿಯನ್ ಆದವು. ಉತ್ತರ ಅಮೆರಿಕದಲ್ಲಿ ‘ನಿವಾಸಿ’ ಎಂಬ ಮುದ್ರೆಗೇ ಬೆಲೆ ಬಂತು. ಕಟ್ಟುಪಾಡಿನಂತೆ ಮೂವರು ಬೇಕೇ ಬೇಕು, ಆ ಮಟ್ಟದವರು ಕಡಿಮೆ, ಹೀಗಾಗಿ ಇದ್ದವರ ಸಂಬಳ ಏರಿತು, ಹಳಬರೇ ತಂಡದಿಂದ ತಂಡಕ್ಕೆ ಸುತ್ತಿದರು. 2021ರಲ್ಲಿ ಅಲ್ಲಿನ ಕೆಲವು ತಂಡಗಳ ಮಾಲೀಕರು ನಿಯಮ ತೆಗೆಯಿರೆಂದು ಒತ್ತಾಯಿಸಿದಾಗ ಆಟಗಾರರ ಸಂಘ ಎದುರು ನಿಂತಿತು. ಮಾಲೀಕರಿಗೆ ಹೊರಗಿನವರು ಅಗ್ಗ, ಆಟಗಾರರಿಗೆ ಬೇಲಿಯೇ ಅನ್ನ. ಇದರಲ್ಲಿ ಆಟದ ಹಿತ ಯಾರ ಕಡೆಗಿತ್ತು ಎಂದು ಹೇಳುವುದು ಕಷ್ಟ.

ಇನ್ನು ಓಷಿಯಾನಿಯಾ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಭಾಗದ ಲೀಗನ್ನು ರಯಟ್ 2020ರಲ್ಲಿ ಮುಚ್ಚಿ, ಅಲ್ಲಿನ ಆಟಗಾರರನ್ನು ಉತ್ತರ ಅಮೆರಿಕದಲ್ಲಿ ನಿವಾಸಿಗಳೆಂದೇ ಎಣಿಸುವುದಾಗಿ ಹೇಳಿತು. ಮೇಲಿನ ಕೆಲವರಿಗೆ ದಾರಿ ತೆರೆಯಿತು. ಊರಲ್ಲಿ ಉಳಿದವರಿಗೆ ಮೊದಲಿನ ಏಣಿ ಇಲ್ಲವಾಯಿತು. ಬೇಲಿ ತೆಗೆಯುವುದನ್ನು ಔದಾರ್ಯವೆಂದು ಕರೆಯುವವರು ಈ ಉದಾಹರಣೆಯನ್ನು ಮರೆಯಬಾರದು.

ಉಳಿದ ಆಟಗಳನ್ನು ಬೇಗ ದಾಟಬಹುದು. ಓವರ್‌ವಾಚ್ ಎಂಬ ಶೂಟಿಂಗ್ ಆಟದ ಲೀಗ್ 2018ರಲ್ಲಿ ನಗರಗಳ ಹೆಸರಿನ ತಂಡಗಳನ್ನು ಕಟ್ಟಿತು, ಮೊದಲ ವರ್ಷ ಗೆದ್ದ ‘ಲಂಡನ್’ ತಂಡದಲ್ಲಿ ಇದ್ದವರೆಲ್ಲ ಕೊರಿಯನ್ನರು. ಕೌಂಟರ್-ಸ್ಟ್ರೈಕ್ ಎಂಬ ಶೂಟಿಂಗ್ ಆಟದ ‘ಮೇಜರ್’ ಎಂಬ ದೊಡ್ಡ ಟೂರ್ನಿಗಳ ಅರ್ಹತಾ ಸುತ್ತುಗಳಲ್ಲಿ ತಂಡದ ಪ್ರದೇಶವನ್ನು ಐವರಲ್ಲಿ ಹೆಚ್ಚಿನವರು ಎಲ್ಲಿಯವರೆಂಬುದರ ಮೇಲೆ ನಿರ್ಧರಿಸಲಾಯಿತು. ಏಷ್ಯನ್ ಗೇಮ್ಸ್‌ನಂಥ ಕೂಟದಲ್ಲಿ ಪಾಸ್‌ಪೋರ್ಟೇ ತೀರ್ಮಾನ; 2018ರ ಜಕಾರ್ತದಲ್ಲಿ ಪ್ರದರ್ಶನ ಸ್ಪರ್ಧೆಯಾಗಿದ್ದ ಹಾರ್ತ್‌ಸ್ಟೋನ್ ಎಂಬ ಕಾರ್ಡ್ ಆಟದಲ್ಲಿ ತೀರ್ಥ್ ಮೆಹ್ತಾ ಭಾರತಕ್ಕೆ ಕಂಚು ತಂದಾಗ ಈ ಪ್ರಶ್ನೆ ಹುಟ್ಟಲೇ ಇಲ್ಲ.

ನನಗೆ ಹೆಚ್ಚು ಒಪ್ಪಿಗೆಯಾಗುವ ಅಳತೆ ಸಿಕ್ಕಿದ್ದು ಫುಟ್‌ಬಾಲ್‌ನಲ್ಲಿ. 1995ರ ಡಿಸೆಂಬರ್ 15ರಂದು ಬೆಲ್ಜಿಯಂನ ಆಟಗಾರ ಬೋಸ್ಮನ್ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯವು ಯುರೋಪ್ ಒಕ್ಕೂಟದ ಆಟಗಾರರ ಮೇಲೆ ರಾಷ್ಟ್ರೀಯತೆಯ ಮಿತಿ ಹೇರುವಂತಿಲ್ಲ ಎಂದಿತು. ಹತ್ತು ವರ್ಷ ಯೋಚಿಸಿದ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ, 2006-07ರ ಋತುವಿನಿಂದ ಬೇರೊಂದು ದಾರಿ ಹಿಡಿಯಿತು: 15ರಿಂದ 21ನೇ ವಯಸ್ಸಿನ ನಡುವೆ ಮೂರು ವರ್ಷ ಆ ಕ್ಲಬ್‌ನಲ್ಲಿ ಅಥವಾ ಆ ದೇಶದ ಕ್ಲಬ್‌ನಲ್ಲಿ ತರಬೇತಿ ಪಡೆದವನು ‘ಮನೆಯಲ್ಲಿ ಬೆಳೆದವನು’, ಅವನು ಎಲ್ಲಿ ಹುಟ್ಟಿದ, ಯಾವ ಪಾಸ್‌ಪೋರ್ಟ್ ಹಿಡಿದಿದ್ದಾನೆ ಎಂಬುದು ಮುಖ್ಯವಲ್ಲ. ಹುಟ್ಟನ್ನು ಬಿಟ್ಟು ಬೆಳೆದ ನೆಲವನ್ನು ಹಿಡಿದ ಈ ಅಳತೆ, ಬೆಳೆಸಿದವರಿಗೂ ಬೆಲೆ ಕೊಡುತ್ತದೆ. ಇ-ಸ್ಪೋರ್ಟ್ಸ್‌ಗೆ ಇದನ್ನು ಹಾಗೆಯೇ ತರಲು ತೊಡಕೊಂದೇ: ಬೆಳೆಸುವ ಜಾಗಗಳು ಅಲ್ಲಿ ತೀರ ಕಡಿಮೆ.

ಕಲಬುರಗಿಯ ಕಣ್ಣಿನಿಂದ ನೋಡಿದರೆ ಆ ತೊಡಕು ಎದ್ದು ಕಾಣುತ್ತದೆ. ಇಲ್ಲಿನ ಹುಡುಗರ ಕೈಯಲ್ಲಿರುವುದು ಮೊಬೈಲ್, ಅದರಲ್ಲಿರುವುದು ಹೆಚ್ಚಾಗಿ ಬಿಜಿಎಂಐ, ಅಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಶೂಟಿಂಗ್ ಆಟ. ಈ ಆಟವೇ ಒಂದು ಬೇಲಿಯ ಫಲ. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪಬ್ಜಿ ಮೊಬೈಲ್ ನಿಷೇಧಿಸಿತು, 2021ರ ಜುಲೈನಲ್ಲಿ ಭಾರತಕ್ಕೆಂದೇ ಬಿಜಿಎಂಐ ಬಂತು, 2022ರ ಜುಲೈನಲ್ಲಿ ಅದೂ ಆ್ಯಪ್ ಅಂಗಡಿಯಿಂದ ಮಾಯವಾಗಿ 2023ರ ಮೇ ತಿಂಗಳಲ್ಲಿ ಮರಳಿತು. ಅದರ ರಾಷ್ಟ್ರೀಯ ಸರಣಿ ಬಿಜಿಐಎಸ್‌ಗೆ ದೇಶದ ಯಾವ ಮೂಲೆಯಿಂದಲಾದರೂ ನಾಲ್ವರ ಸ್ಕ್ವಾಡ್ ಹೆಸರು ಕೊಡಬಹುದು. 2024ರಲ್ಲಿ ಅದರ ಬಹುಮಾನದ ಮೊತ್ತ 2 ಕೋಟಿ ರೂಪಾಯಿ, ಅಂತಿಮ ಸುತ್ತು ನಡೆದದ್ದು ಬೀದರಿನಿಂದ ಮೂರು ತಾಸಿನ ದಾರಿಯಾದ ಹೈದರಾಬಾದಿನಲ್ಲಿ. ಕೇಳಲು ಇದಕ್ಕಿಂತ ಮುಕ್ತವಾದದ್ದಿಲ್ಲ. ಆದರೆ ಚಿತ್ತಾಪುರದ ಸ್ಕ್ವಾಡ್ ಮೊದಲ ಸುತ್ತಿನಲ್ಲೇ ಎದುರಿಸುವುದು ಮಹಾನಗರಗಳಲ್ಲಿ ಸಂಬಳಕ್ಕೆ ಆಡುತ್ತ, ತರಬೇತುದಾರರನ್ನು ಇಟ್ಟುಕೊಂಡವರ ಸಾಲಿಗೆ ಸೇರಲು ಹೊರಟ ಸಾವಿರಾರು ತಂಡಗಳನ್ನು. 2013ರ ಅಮೆರಿಕದ ಹುಡುಗ ಕೊರಿಯನ್ನನ ಎದುರು ನಿಂತಂತೆಯೇ ಇದು. ರೀಜನ್ ಲಾಕ್ ಚರ್ಚೆಯಲ್ಲಿ ಭಾರತವನ್ನು ಒಂದೇ ಪ್ರದೇಶವೆಂದು ಎಣಿಸುವವರಿಗೆ ಒಳಗಿನ ಈ ದೂರ ಕಾಣುವುದಿಲ್ಲ.

ಹೆಸರಿನ ಮೋಸ ಇಲ್ಲೂ ಉಂಟು. ವ್ಯಾಲರಂಟ್ ಎಂಬ ಶೂಟಿಂಗ್ ಆಟದ ಪೆಸಿಫಿಕ್ ಲೀಗ್‌ಗೆ 2023ರಲ್ಲಿ ಭಾರತದಿಂದ ಆಯ್ಕೆಯಾದ ಗ್ಲೋಬಲ್ ಇ-ಸ್ಪೋರ್ಟ್ಸ್ ತಂಡ ಸಿಯೋಲ್‌ನಲ್ಲಿ ಆಡಿದಾಗ ಕಣದಲ್ಲಿ ಭಾರತೀಯರಿಗಿಂತ ಹೊರದೇಶದವರೇ ಹೆಚ್ಚಿದ್ದರು. ಕ್ರಿಕೆಟ್‌ನಲ್ಲಿ ನಮ್ಮ ಊರ ಹೆಸರು ಹೊತ್ತ ಗುಲ್ಬರ್ಗಾ ಮಿಸ್ಟಿಕ್ಸ್ 2022ರಲ್ಲಿ ಮಹಾರಾಜ ಟ್ರೋಫಿ ಗೆದ್ದಾಗ ಸಂಭ್ರಮಿಸಿದ್ದೇವೆ, ಪಂದ್ಯಗಳು ನಡೆದದ್ದು ಮಾತ್ರ ಮೈಸೂರು, ಬೆಂಗಳೂರಿನಲ್ಲಿ. ಆದರೂ ಕ್ರಿಕೆಟ್‌ಗೆ ಕೆಳಗೊಂದು ಮೆಟ್ಟಿಲಿದೆ: ಇಲ್ಲಿನ ಹುಡುಗ ಮೊದಲು ರಾಯಚೂರು ವಲಯದಲ್ಲಿ ತನ್ನಂಥವರೊಡನೆ ಆಡಿ ಗಮನ ಸೆಳೆಯಬಹುದು. ಬಿಜಿಐಎಸ್‌ನ ದಾರಿಯಲ್ಲಿ ಅಂಥ ಜಿಲ್ಲಾ ಅಥವಾ ವಿಭಾಗ ಮಟ್ಟದ ಮೆಟ್ಟಿಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಬೇಲಿ ಬೇಕಿರುವುದು ಮೇಲಲ್ಲ, ಕೆಳಗೆ. ವಿಶ್ವ ಮಟ್ಟದ ಕೊನೆಯ ಸುತ್ತಿನಲ್ಲಿ ಉತ್ತಮರು ಯಾರಿದ್ದಾರೋ ಅವರೇ ಆಡಲಿ; ಅಲ್ಲಿ ಪಾಲು ಹಂಚಿದರೆ ಕೊರಿಯಾದ ಒಂಬತ್ತನೆಯವನಿಗೆ ಆದ ಅನ್ಯಾಯ ಮರುಕಳಿಸುತ್ತದೆ. ಆದರೆ ದೇಶದೊಳಗಿನ ಅರ್ಹತಾ ಸುತ್ತುಗಳಲ್ಲಿ ವಿಭಾಗಕ್ಕೆ ಇಂತಿಷ್ಟು ಸ್ಲಾಟ್ ಕಾಯ್ದಿಟ್ಟು, ಆ ಸ್ಲಾಟಿಗಾಗಿ ಆ ವಿಭಾಗದಲ್ಲಿಯೇ ವರ್ಷಪೂರ್ತಿ ಪಂದ್ಯ ನಡೆಸಬೇಕು. ಪಂದ್ಯವಿಲ್ಲದೆ ಸ್ಲಾಟ್ ಮಾತ್ರ ಕಾಯ್ದಿಟ್ಟರೆ ಉತ್ತರ ಅಮೆರಿಕದಂತೆ ಮುದ್ರೆಗೆ ಬೆಲೆ ಬಂದು ಆಟ ಹಾಗೇ ಉಳಿಯುತ್ತದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ ಇ-ಸ್ಪೋರ್ಟ್ಸ್‌ಗೆ ಕ್ರೀಡೆಯ ಮಾನ್ಯತೆ ನೀಡಿರುವುದರಿಂದ, ಕಾಲೇಜು ಮತ್ತು ವಿಶ್ವವಿದ್ಯಾಲಯಗಳು ಇಂಥ ಪಂದ್ಯ ನಡೆಸಲು ಮೊದಲಿನಷ್ಟು ಹಿಂಜರಿಯಬೇಕಾಗಿಲ್ಲ.

ಆಗ ‘ನಮ್ಮವನು ಯಾರು’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸೊಲ್ಲಾಪುರದಿಂದ ಬಂದು ಕಲಬುರಗಿಯ ಹಾಸ್ಟೆಲಿನಲ್ಲಿ ಮೂರು ವರ್ಷ ಇದ್ದು ಇಲ್ಲಿನ ತಂಡಕ್ಕೆ ಆಡಿದ ಹುಡುಗನೊಬ್ಬ, ಆಳಂದದಲ್ಲಿ ಹುಟ್ಟಿ ಹತ್ತನೇ ತರಗತಿಯ ನಂತರ ಪುಣೆಯಲ್ಲೇ ಓದಿ ಆಟ ಕಲಿತ ಹುಡುಗಿಯೊಬ್ಬಳು. 371(ಜೆ) ಪ್ರಮಾಣಪತ್ರ ಸಿಗುವುದು ಅವಳಿಗೆ. ಕಲಬುರಗಿ ವಿಭಾಗದ ಸ್ಲಾಟನ್ನು ನಾನಾದರೆ ಸೊಲ್ಲಾಪುರದ ಹುಡುಗನಿಗೆ ಕೊಡುತ್ತೇನೆ.