ಮಷಿನ್ ಕಚ್ಚಿಕೊಂಡಿರುವುದು ತುಕ್ಕಿಗಲ್ಲ, ಎಣ್ಣೆಗೆ

ಕಲಬುರಗಿಯ ಹಳೆಯ ಮನೆಗಳಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಕಪ್ಪು ಹೊಲಿಗೆ ಮಷಿನ್ ಇರುತ್ತದೆ. ಮೇಲೊಂದು ಹಳೆ ಕೌದಿ ಹೊದಿಸಿರುತ್ತಾರೆ. ಕೈಚಕ್ರ ತಿರುಗಿಸಲು ಹೋದರೆ ಅಲುಗುವುದೇ ಇಲ್ಲ. ತುಕ್ಕು ಹಿಡಿದಿದೆ ಎಂದು ಮನೆಯವರು ತೀರ್ಮಾನಿಸುತ್ತಾರೆ. ಆಮೇಲೆ ಅದು ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ.

ನನಗೆ ಈ ತೀರ್ಪಿನ ಮೇಲೆ ನಂಬಿಕೆ ಇಲ್ಲ. ಕಬ್ಬಿಣ ತುಕ್ಕು ಹಿಡಿಯಲು ಆಮ್ಲಜನಕದ ಜೊತೆ ನೀರೂ ಬೇಕು. ಮಂಗಳೂರಿನ ಗಾಳಿಯಲ್ಲಿ ನೀರಿಗೇನೂ ಬರವಿಲ್ಲ. ಕಲಬುರಗಿಯ ಏಪ್ರಿಲ್, ಮೇ ತಿಂಗಳ ಗಾಳಿ ಹಾಗಲ್ಲ. 42–43 ಡಿಗ್ರಿ ಬಿಸಿಲು, ತುಟಿ ಒಡೆಯುವ ಒಣಗಾಳಿ. ಮಳೆಗಾಲ ಬಿಟ್ಟರೆ ತುಕ್ಕಿಗೆ ಇಲ್ಲಿ ಅಷ್ಟು ಅನುಕೂಲವಿಲ್ಲ. ಮಷಿನ್‌ನ ಮುಖದ ತಟ್ಟೆ ಬಿಚ್ಚಿ ಒಳಗೆ ನೋಡಿ. ಕಾಣುವುದು ಕೆಂಪು ಪುಡಿಗಿಂತ ಹೆಚ್ಚಾಗಿ ಕಂದು ಬಣ್ಣದ ಅಂಟು. ಉಗುರಿನಿಂದ ಕೆರೆದರೆ ಮೇಣದ ಹಾಗೆ ಏಳುತ್ತದೆ. ಮಷಿನ್ ಚೆನ್ನಾಗಿ ಓಡಲಿ ಎಂದು ಯಾರೋ ಪ್ರೀತಿಯಿಂದ ಹಾಕಿದ ಎಣ್ಣೆ ಅದು.

ಯಾವ ಎಣ್ಣೆ? ಮನೆಯಲ್ಲಿ ಕೈಗೆ ಸಿಕ್ಕಿದ್ದು. ಈ ಭಾಗದಲ್ಲಿ ಅದು ಶೇಂಗಾ ಎಣ್ಣೆ ಇರಬಹುದು, ಕುಸುಬೆ ಎಣ್ಣೆ ಇರಬಹುದು. ಕಲಬುರಗಿ, ಬೀದರ್ ಕಡೆ ಹಿಂಗಾರಿನಲ್ಲಿ ಜೋಳದ ಜೊತೆಗೆ ಕುಸುಬೆ ಬೆಳೆಯುವುದು ಹಳೆಯ ರೂಢಿ. ಗಾಣದ ಕುಸುಬೆ ಎಣ್ಣೆ ಊಟಕ್ಕೆ ಬಹಳ ಚೆನ್ನ. ಹೊಲಿಗೆ ಮಷಿನ್‌ಗೆ ಮಾತ್ರ ಅದರಷ್ಟು ಕೆಟ್ಟದ್ದು ಹುಡುಕಿದರೂ ಸಿಗುವುದು ಕಷ್ಟ.

ಕಾರಣ ಎಣ್ಣೆಯ ಅಣುವಿನಲ್ಲೇ ಇದೆ. ಅಡುಗೆ ಎಣ್ಣೆಗಳೆಲ್ಲ ಉದ್ದುದ್ದ ಇಂಗಾಲದ ಸರಪಳಿಗಳು. ಕೆಲವು ಸರಪಳಿಗಳಲ್ಲಿ ಎಲ್ಲ ಕೊಂಡಿಗಳೂ ಒಂಟಿ. ಕೆಲವದರಲ್ಲಿ ಅಲ್ಲಲ್ಲಿ ಜೋಡಿ ಕೊಂಡಿ ಇರುತ್ತದೆ. ಸಾಮಾನ್ಯ ಕುಸುಬೆ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಸುಮಾರು 70–75 ಶೇಕಡಾ ಲಿನೋಲಿಯಿಕ್ ಆಮ್ಲ. ಇದರಲ್ಲಿ ಎರಡು ಜೋಡಿ ಕೊಂಡಿಗಳಿವೆ. ಅವೆರಡರ ನಡುವೆ ಒಂದು ಇಂಗಾಲ ಕೂತಿರುತ್ತದೆ. ಅದರ ಹೈಡ್ರೋಜನ್ ಸಡಿಲ, ಬೇಗ ಕಳಚಿಕೊಳ್ಳುತ್ತದೆ. ಕಳಚಿದ ಜಾಗಕ್ಕೆ ಗಾಳಿಯ ಆಮ್ಲಜನಕ ಬಂದು ಸೇರುತ್ತದೆ. ಅಲ್ಲಿಂದ ಅಕ್ಕಪಕ್ಕದ ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳಲು ಶುರುವಾಗುತ್ತದೆ. ತಿಂಗಳು, ವರ್ಷ ಕಳೆದಂತೆ ದ್ರವವಾಗಿದ್ದದ್ದು ಬಲೆಯಂಥ ಘನವಸ್ತುವಾಗುತ್ತದೆ. ಅಡುಗೆಮನೆಯ ಎಣ್ಣೆ ಡಬ್ಬಿಯ ಹೊರಮೈಗೆ ಅಂಟಿರುವ, ಎಷ್ಟು ಉಜ್ಜಿದರೂ ಹೋಗದ ಕಂದು ಪೊರೆ ಇದೆಯಲ್ಲ, ಅದೂ ಇದೇ ಪ್ರತಿಕ್ರಿಯೆಯ ಫಲ.

ಇಲ್ಲಿ ಒಂದು ತಮಾಷೆ ಇದೆ. ಎಣ್ಣೆ ಒಣಗುತ್ತದೆ ಎಂದಾಗ ನಾವು ಅದು ಆವಿಯಾಗುತ್ತದೆ ಎಂದುಕೊಳ್ಳುತ್ತೇವೆ. ನಿಜವಾಗಿ ನಡೆಯುವುದು ಬೇರೆ. ಅಗಸೆ ಎಣ್ಣೆಯನ್ನು ಗಾಜಿನ ಮೇಲೆ ತೆಳ್ಳಗೆ ಬಳಿದು ದಿನವೂ ತೂಗಿದರೆ, ಅದು ಒಣಗುತ್ತಾ ತೂಕ ಜಾಸ್ತಿಯಾಗುವುದು ಗೊತ್ತಾಗುತ್ತದೆ. ಗಾಳಿಯಿಂದ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ, ಅದಕ್ಕೆ. ಬಣ್ಣ ತಯಾರಿಸುವವರು ಅಗಸೆ ಎಣ್ಣೆಯನ್ನು ಹಿಂದಿನಿಂದಲೂ ಬಳಸುತ್ತಿರುವುದು ಈ ಗುಣಕ್ಕಾಗಿಯೇ. ಕುಸುಬೆ ಎಣ್ಣೆಯನ್ನೂ ಬಣ್ಣ, ವಾರ್ನಿಷ್‌ಗೆ ಬಳಸುತ್ತಾರೆ. ಅಂದರೆ ಮಷಿನ್‌ಗೆ ಕುಸುಬೆ ಎಣ್ಣೆ ಬಿಡುವುದೆಂದರೆ ಬೇರಿಂಗ್ ಒಳಗೆ ವಾರ್ನಿಷ್ ಹೊಡೆದಂತೆಯೇ.

ಇನ್ನು ಬಿಸಿಲಿನ ಪಾತ್ರ. ಉಷ್ಣತೆ 10 ಡಿಗ್ರಿ ಏರಿದರೆ ಇಂಥ ಪ್ರತಿಕ್ರಿಯೆಗಳ ವೇಗ ಸುಮಾರಾಗಿ ಎರಡು ಪಟ್ಟಾಗುತ್ತದೆ ಎಂಬುದು ರಸಾಯನ ವಿಜ್ಞಾನದ ಒರಟು ಲೆಕ್ಕ. ಕಬ್ಬಿಣ, ತಾಮ್ರದ ಅಯಾನುಗಳು ಇದಕ್ಕೆ ಇನ್ನಷ್ಟು ಕುಮ್ಮಕ್ಕು ಕೊಡುತ್ತವೆ. ಕಲಬುರಗಿಯ ಬೇಸಿಗೆ, ಕಬ್ಬಿಣದ ಮಷಿನ್, ಕುಸುಬೆ ಎಣ್ಣೆ ಮೂರೂ ಒಂದೆಡೆ ಸೇರಿದರೆ ಇನ್ನೇನು ಬೇಕು?

ಶೇಂಗಾ ಎಣ್ಣೆ ಸ್ವಲ್ಪ ನಿಧಾನ. ಅದರಲ್ಲಿ ಒಂದೇ ಜೋಡಿ ಕೊಂಡಿಯ ಓಲಿಯಿಕ್ ಆಮ್ಲ ಜಾಸ್ತಿ. ನಿಧಾನ ಅಂದರೆ ಸುರಕ್ಷಿತ ಅಂತಲ್ಲ, ಹತ್ತಾರು ವರ್ಷದಲ್ಲಿ ಅದೂ ಅಂಟಾಗುತ್ತದೆ. ಕೊಬ್ಬರಿ ಎಣ್ಣೆಯ ಕಥೆ ಬೇರೆ. ಅದರಲ್ಲಿ ಸುಮಾರು 90 ಶೇಕಡಾ ಒಂಟಿ ಕೊಂಡಿಯ ಸರಪಳಿಗಳೇ. ಹಾಗಾಗಿ ಅದು ವಾರ್ನಿಷ್ ಆಗುವುದಿಲ್ಲ. ಆದರೆ 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಬೀದರಿನ ಡಿಸೆಂಬರ್ ಬೆಳಗಿನಲ್ಲಿ ಬಿಗಿಯಾಗಿ, ಮಧ್ಯಾಹ್ನ ತಾನೇ ಸಡಿಲಾಗುವ ಮಷಿನ್ ಇದ್ದರೆ ಕೊಬ್ಬರಿ ಎಣ್ಣೆಯ ಮೇಲೆ ಸಂಶಯ ಪಡಬಹುದು.

ಅಂಗಡಿಯಲ್ಲಿ ಸಿಗುವ ಮಷಿನ್ ಎಣ್ಣೆ ನೆಲದಡಿಯ ಕಚ್ಚಾ ತೈಲದಿಂದ ಬಂದದ್ದು. ಚೆನ್ನಾಗಿ ಶುದ್ಧಿ ಮಾಡಿರುವ ಅದರಲ್ಲಿ ಆಮ್ಲಜನಕ ಕೈಹಾಕಲು ಜೋಡಿ ಕೊಂಡಿಗಳೇ ಇಲ್ಲವೆನ್ನುವಷ್ಟು ಕಡಿಮೆ. "ಯಕ್ಕಾ, ಅಡಗಿ ಎಣ್ಣಿ ಮಾತ್ರ ಹಾಕಬ್ಯಾಡ್ರಿ" ಎಂದು ಮಷಿನ್ ಮಿಸ್ತ್ರಿಗಳು ಬೇಡಿಕೊಳ್ಳುವುದರ ಹಿಂದೆ ಇಷ್ಟು ರಸಾಯನ ವಿಜ್ಞಾನ ಇದೆ.

ಹಾಗಾದರೆ ಕಚ್ಚಿಕೊಂಡ ಮಷಿನ್ ಬಿಡಿಸುವುದು ಹೇಗೆ? ಮೊದಲು ಬಲ ಬಳಸಬೇಡಿ. ಕೆಳದಾರದ ಸುರುಳಿ ಕೂರುವ ಬಾಬಿನ್ ಕೇಸ್ ತೆಗೆದು, ಮೇಲಿನ ದಾರವನ್ನು ಹಿಡಿಯುವ ಕೊಕ್ಕಿನ ಭಾಗ, ಅಂದರೆ ಶಟಲ್ ಇರುವ ಜಾಗ ನೋಡಿ. ಎಷ್ಟೋ ಸಲ ಒಂದು ತುಂಡು ದಾರ ಅಲ್ಲಿ ಸಿಕ್ಕಿಕೊಂಡಿರುತ್ತದೆ. ಇಕ್ಕಳದಿಂದ ಎಳೆದರೆ ಸಮಸ್ಯೆಯೇ ಮುಗಿಯಿತು. ಅದಲ್ಲವಾದರೆ ಲೋಹಕ್ಕೆ ಲೋಹ ತಾಗಿ ಚಲಿಸುವ ಪ್ರತಿ ಜಾಗಕ್ಕೂ ಸೀಮೆಎಣ್ಣೆ ತೊಟ್ಟು ತೊಟ್ಟಾಗಿ ಬಿಡಿ, ರಾತ್ರಿಯಿಡೀ ನೆನೆಯಲಿ. ಹೆಣೆದುಕೊಂಡ ಹಳೆ ಎಣ್ಣೆ ಸಕ್ಕರೆ ನೀರಿನಲ್ಲಿ ಕರಗುವ ಹಾಗೆ ಕರಗುವುದಿಲ್ಲ. ಸೀಮೆಎಣ್ಣೆಯ ಸಣ್ಣ ಅಣುಗಳು ಬಲೆಯೊಳಗೆ ನುಗ್ಗಿ ಅದನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ. ಅದಕ್ಕೇ ಸಮಯ ಬೇಕು. ಮರುದಿನ ಕೈಚಕ್ರವನ್ನು ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸಿ. ಒಂದು ಕೂದಲಿನಷ್ಟು ಜರುಗಿದರೂ ಗೆದ್ದಿರಿ ಅಂತಲೇ ಲೆಕ್ಕ.

ಆಗಲೂ ಬರದಿದ್ದರೆ ಶಾಖ. ಕೂದಲು ಒಣಗಿಸುವ ಡ್ರೈಯರ್ ಸಾಕು. ಬಿಸಿಗೆ ಅಂಟು ಮೆದುವಾಗುತ್ತದೆ, ಹೊರಗಿನ ಲೋಹ ಹಿಗ್ಗಿ ಸಂದು ಒಂಚೂರು ಅಗಲವಾಗುತ್ತದೆ. ಆದರೆ ಸೀಮೆಎಣ್ಣೆ ಹಾಕಿದ ಮಷಿನ್ ಹತ್ತಿರ ಬಿಸಿಯನ್ನಾಗಲಿ ಬೆಂಕಿಯನ್ನಾಗಲಿ ತರಬೇಡಿ. ಒರೆಸಿ, ಪೂರ್ತಿ ಆರಿದ ಮೇಲಷ್ಟೇ ಡ್ರೈಯರ್. ಮಷಿನ್ ಬಿಟ್ಟುಕೊಂಡ ಕೂಡಲೇ ಖುಷಿಯಲ್ಲಿ ಓಡಿಸಲೂಬೇಡಿ. ಸೀಮೆಎಣ್ಣೆ ತೊಳೆಯುತ್ತದೆ, ಜಾರಿಸುವುದಿಲ್ಲ. ಮಷಿನ್ ಎಣ್ಣೆ ಹಾಕಿಯೇ ಮುಂದಿನ ಕೆಲಸ.

ಸ್ಕ್ರೂಗಳ ಬಗ್ಗೆ ಒಂದು ಮಾತು. ಹಳೆಯ ಸಿಂಗರ್ ಕಂಪನಿಯ ಮಷಿನ್‌ನ ಸ್ಕ್ರೂಗಳ ಎಳೆ, ಅಂದರೆ ಮೈಮೇಲಿನ ಸುತ್ತುಗೀರು, ಅದರದ್ದೇ ಅಳತೆಯದು. ಹಾರ್ಡ್‌ವೇರ್ ಅಂಗಡಿಯ ಸ್ಕ್ರೂ ಮೊದಲ ಸುತ್ತು ಹೋದ ಹಾಗೆ ಅನಿಸುತ್ತದೆ, ಆಮೇಲೆ ಒಳಗಿನ ಎಳೆಯನ್ನೇ ತಿಂದುಹಾಕುತ್ತದೆ. ಬಿಚ್ಚಿದ ಒಂದೊಂದು ಸ್ಕ್ರೂ ಕೂಡ ಜೋಪಾನ.

ಹೊರಗಿನ ಕಪ್ಪು ಮೈಗೆ ಬರೋಣ. ಬೀದರಿನವರಿಗೆ ಕಪ್ಪು ಲೋಹದ ಮೇಲಿನ ಹೊಳೆವ ಚಿತ್ತಾರ ಹೊಸದಲ್ಲ. ಬಿದ್ರಿ ಕೆಲಸದಲ್ಲಿ ಸತು ಜಾಸ್ತಿ ಇರುವ ಮಿಶ್ರಲೋಹವೇ ಕೋಟೆಯ ಮಣ್ಣಿನ ಪ್ರಭಾವದಿಂದ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಷಿನ್‌ನ ಕಪ್ಪು ಲೋಹದ್ದಲ್ಲ. ಡಾಂಬರಿನಂಥ ವಸ್ತು ಸೇರಿಸಿದ ಬಣ್ಣವನ್ನು ಬಳಿದು ಒಲೆಯಲ್ಲಿ ಬೇಯಿಸಿದ್ದು. ಅದರ ಮೇಲೆ ಚಿನ್ನದ ಬಣ್ಣದ ಚಿತ್ರ ಅಂಟಿಸಿ, ತೆಳುವಾದ ಪಾರದರ್ಶಕ ಪದರ ಕೊಟ್ಟಿರುತ್ತಾರೆ. ಹಳೆಯ ಮಷಿನ್‌ಗಳಲ್ಲಿ ಈ ಪದರ ಸಾಮಾನ್ಯವಾಗಿ ಅರಗಿನದು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಹಚ್ಚಿ ಒರೆಸಿದರೆ ಕಪ್ಪು ಮೈ ಮಂಕಾಗುತ್ತದೆ, ಸಿಂಗರ್‌ನ ಸಿಂಹನಾರಿ ಚಿತ್ರ ಬಟ್ಟೆಗೆ ಬಂದುಬಿಡುತ್ತದೆ. ಮಷಿನ್ ಎಣ್ಣೆಯನ್ನೇ ಹತ್ತಿಗೆ ಹಚ್ಚಿ ನಿಧಾನವಾಗಿ ಒರೆಸಿದರೆ ಸಾಕು. ಪೂರ್ತಿ ಕೆರೆದು ಹೊಸ ಕಾರಿನ ಬಣ್ಣ ಹೊಡೆಸುವವರೂ ಇದ್ದಾರೆ. ಅವರವರ ಇಷ್ಟ, ಆದರೆ ನನಗೆ ಅಂಥ ಮಷಿನ್ ನೋಡಿದರೆ ಬೇಸರವಾಗುತ್ತದೆ. ದರ್ಜಿಯ ಕೈ ಆಡಿ ಆಡಿ ಚಿತ್ರ ಸವೆದ ಜಾಗವೂ ಆ ಮಷಿನ್‌ನ ಚರಿತ್ರೆಯೇ ಅಲ್ವಾ?

ನಿಜವಾಗಿಯೂ ತುಕ್ಕು ಹಿಡಿದ ಬಿಡಿಭಾಗಗಳಿದ್ದರೆ ವಿದ್ಯುತ್ತಿನ ಸಹಾಯ ಪಡೆಯಬಹುದು. ಪ್ಲಾಸ್ಟಿಕ್ ಬಕೆಟ್ ನೀರಿಗೆ ವಾಷಿಂಗ್ ಸೋಡಾ ಹಾಕಿ. ತುಕ್ಕಿನ ಭಾಗಕ್ಕೆ 12 ವೋಲ್ಟ್ ಬ್ಯಾಟರಿ ಚಾರ್ಜರಿನ ಋಣ ತಂತಿ, ಒಂದು ಹಾಳು ಕಬ್ಬಿಣದ ಸಲಾಕೆಗೆ ಧನ ತಂತಿ. ಎರಡೂ ಒಂದಕ್ಕೊಂದು ತಾಗಬಾರದು. ತುಕ್ಕಿನ ಕಡೆ ಹೈಡ್ರೋಜನ್ ಗುಳ್ಳೆ ಏಳುತ್ತಾ ಪೊರೆ ಸಡಿಲವಾಗುತ್ತದೆ. ಈ ಅನಿಲ ಹೊತ್ತಿಕೊಳ್ಳುತ್ತದೆ, ಬಯಲಿನಲ್ಲೇ ಮಾಡಿ. ಸಲಾಕೆ ಸ್ಟೇನ್‌ಲೆಸ್ ಸ್ಟೀಲಿನದಾಗಬಾರದು, ಅದರ ಕ್ರೋಮಿಯಂ ವಿಷದ ರೂಪದಲ್ಲಿ ನೀರಿಗೆ ಬರಬಹುದು. ಸ್ಪ್ರಿಂಗ್‌ಗಳನ್ನು ಹಾಕಬೇಡಿ, ಹೈಡ್ರೋಜನ್ ಒಳಹೊಕ್ಕು ಅವು ಪೆಡಸಾಗುತ್ತವೆ. ಬಣ್ಣ ಬಳಿದ ಮೈಯನ್ನಂತೂ ಹಾಕಲೇಬೇಡಿ.

ಹಳೆ ಸಿಂಗರ್ ಎಂದ ಕೂಡಲೇ ಇನ್ನೊಂದು ವದಂತಿ ನೆನಪಾಗುತ್ತದೆ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಈ ಮಷಿನ್‌ಗಳೊಳಗೆ "ಕೆಂಪು ಪಾದರಸ" ಇದೆ ಎಂಬ ಸುದ್ದಿ ಹಬ್ಬಿ ಬೆಲೆ ಹುಚ್ಚಾಪಟ್ಟೆ ಏರಿತ್ತು. ಸೂಜಿಯ ಹತ್ತಿರ ಮೊಬೈಲ್ ಹಿಡಿದಾಗ ಲೈನ್ ಕಟ್ಟಾದರೆ ಒಳಗೆ ಪಾದರಸ ಉಂಟು ಎಂಬುದು ಆಗಿನ ಪರೀಕ್ಷೆ! ಅಂಥದ್ದೊಂದು ವಸ್ತುವೇ ಇಲ್ಲ. ಹೊಲಿಗೆ ಮಷಿನ್‌ನಲ್ಲಿ ಪಾದರಸಕ್ಕೆ ಕೆಲಸವೂ ಇಲ್ಲ. ಯಾರಾದರೂ ಹೀಗೆ ಹೇಳಿಕೊಂಡು ಬಂದರೆ ಚಹಾ ಕೊಟ್ಟು ಕಳುಹಿಸಿ.

ಮಷಿನ್‌ನೊಳಗೆ ಇರುವ ನಿಜವಾದ ಸೋಜಿಗ ಬೇರೆಯೇ. ಕೈಹೊಲಿಗೆಯ ಸೂಜಿಗೆ ಕಣ್ಣು ಹಿಂಬದಿಗೆ. ಮಷಿನ್ ಸೂಜಿಗೆ ಚೂಪಾದ ತುದಿಯ ಬಳಿ. ಅಮೆರಿಕದ ವಾಲ್ಟರ್ ಹಂಟ್ 1830ರ ದಶಕದಲ್ಲೇ ಹೀಗೆ ಮಾಡಿದ, ಆದರೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. 1846ರಲ್ಲಿ ಇಲಿಯಾಸ್ ಹೋವ್ ಪೇಟೆಂಟ್ ಪಡೆದ. ಐಸಾಕ್ ಸಿಂಗರ್ ಬಂದದ್ದು 1851ರಲ್ಲಿ. ಹೆಸರು ಮಾತ್ರ ಅವನದೇ ಉಳಿಯಿತು.

ಸೂಜಿ ಪೂರ್ತಿ ಕೆಳಗಿಳಿದು ಮೇಲೇಳಲು ಶುರುಮಾಡಿದಾಗ ಹೊಲಿಗೆ ಹುಟ್ಟುತ್ತದೆ. ಸೂಜಿಯ ಒಂದು ಬದಿಯಲ್ಲಿ ಕಾಲುವೆಯಂಥ ಉದ್ದನೆ ತೋಡು ಇದೆ. ಆ ಕಡೆಯ ದಾರ ತೋಡಿನೊಳಗೆ ಅಡಗಿ ಸೂಜಿಯ ಜೊತೆ ಸಲೀಸಾಗಿ ಮೇಲೆ ಬರುತ್ತದೆ. ಇನ್ನೊಂದು ಬದಿಯ ದಾರ ಬಟ್ಟೆಗೆ ಉಜ್ಜಿ ತಡೆಯುತ್ತದೆ, ಸಡಿಲಾಗಿ ಒಂದು ಸಣ್ಣ ಕುಣಿಕೆ ಉಬ್ಬುತ್ತದೆ. ಸೂಜಿ ಸುಮಾರು 2 ಮಿಲಿಮೀಟರಿಗಿಂತ ತುಸು ಜಾಸ್ತಿ ಏರುವಷ್ಟರಲ್ಲಿ ಶಟಲ್‌ನ ಕೊಕ್ಕು ಬಂದು ಕುಣಿಕೆಯನ್ನು ಹಿಡಿಯಬೇಕು. ಹಿಡಿದದ್ದನ್ನು ಬಾಬಿನ್ ಕೇಸ್‌ನ ಸುತ್ತ ದಾಟಿಸಬೇಕು. ಅದಕ್ಕೇ ಅಲ್ಲಿ ದಾರ ಹಾಯುವಷ್ಟು ಸಂದು ಬಿಟ್ಟಿರುತ್ತಾರೆ. ದಾರ ಬಾಬಿನ್‌ನ ದಾರದೊಂದಿಗೆ ಗಂಟು ಬೀಳುವುದೇ ಇಲ್ಲ, ಬರೀ ತೊಡರಿಕೊಳ್ಳುತ್ತದೆ.

ಹಾಗಾಗಿ ಬಿಡಿಸಿದ ಮಷಿನ್ ಹೊಲಿಗೆ ಬಿಡುತ್ತಿದ್ದರೆ ಮೊದಲು ಸೂಜಿಯನ್ನೇ ನೋಡಿ. ತೋಡಿನ ಬದಿಯಿಂದಲೇ ದಾರ ಒಳಗೆ ಹೋಗಬೇಕು. ತಿರುಗಾಮುರುಗಾ ಹಾಕಿದರೆ ಕುಣಿಕೆ ತಪ್ಪು ಕಡೆ ಉಬ್ಬುತ್ತದೆ, ಕೊಕ್ಕು ಖಾಲಿ ಗಾಳಿಯಲ್ಲಿ ಸುತ್ತುತ್ತದೆ. ಯಾವ ಕಡೆ ಎಂಬುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಒಂದು ಮಷಿನ್ ರೂಢಿಯಾದವರು ಇನ್ನೊಂದರಲ್ಲಿ ಎಡವುವುದು ಇಲ್ಲೇ.

ಬಿಡಿಭಾಗದ ಚಿಂತೆ ಬೇಡ. ಸಿಂಗರ್‌ನ ಒಂದು ಹಳೆಯ ಮಾದರಿಯ ಹೆಸರು 15ಕೆ. ಅದರಲ್ಲಿ ಕೆ ಅಂದರೆ ಸ್ಕಾಟ್ಲೆಂಡಿನ ಕಿಲ್ಬೋವಿ ಕಾರ್ಖಾನೆ. ಅದು 1885ರಲ್ಲಿ ತೆರೆದು 1980ರಲ್ಲಿ ಮುಚ್ಚಿತು. ಆದರೆ ಆ 15ರ ಮಾದರಿಯನ್ನೇ ನಮ್ಮ ಉಷಾ ಮುಂತಾದ ಕಪ್ಪು ಮಷಿನ್‌ಗಳೂ ಅನುಸರಿಸಿದವು. ಹೀಗಾಗಿ ಅದರ ಸೂಜಿ, ಬಾಬಿನ್, ಕೇಸ್ ಈಗಲೂ ಬಜಾರಿನಲ್ಲಿ ಸಿಗುತ್ತವೆ. ಉದ್ದನೆ ದೋಣಿಯಾಕಾರದ ಶಟಲ್ ಇರುವ ಇನ್ನೂ ಹಳೆಯ ಮಾದರಿಗಳಿಗೆ ಸ್ವಲ್ಪ ಹುಡುಕಬೇಕು.

ಕೊನೆಗೆ ಕಾಲಿನ ಕೆಲಸ. ಕೆಳಗಿನ ದೊಡ್ಡ ಚಕ್ರ ಒಂದು ಸುತ್ತು ಬಂದರೆ ಮೇಲಿನ ಸಣ್ಣದು ಸುಮಾರು ನಾಲ್ಕು ಸುತ್ತು ಬರುತ್ತದೆ. ಪೆಡಲ್‌ನ ಕೋಲು ನೆಟ್ಟಗೆ ನಿಂತ ಗಳಿಗೆಯಲ್ಲಿ ಕಾಲಿನ ಬಲಕ್ಕೆ ಬೆಲೆಯಿಲ್ಲ. ಚಕ್ರದ ತೂಕವೇ ಅದನ್ನು ದಾಟಿಸುತ್ತದೆ. ನಿಂತ ಮಷಿನ್ ಶುರುಮಾಡುವಾಗ ಕೈಚಕ್ರಕ್ಕೆ ಮೊದಲು ಒಂದು ತಳ್ಳು ಕೊಡುವುದು ಅದಕ್ಕೇ. ಇಲ್ಲದಿದ್ದರೆ ಅದು ಹಿಂದಕ್ಕೆ ತಿರುಗಿ ದಾರ ತಿನ್ನುತ್ತದೆ. ಚರ್ಮದ ಬೆಲ್ಟ್ ಮಳೆಗಾಲದ ತೇವಕ್ಕೆ ಹಿಗ್ಗಿ ಜಾರುತ್ತದೆ, ಬೇಸಿಗೆಗೆ ಬಿಗಿಯುತ್ತದೆ. ಜಾರಿತು ಎಂದು ಆಗಸ್ಟ್‌ನಲ್ಲಿ ಜಾಸ್ತಿ ಕತ್ತರಿಸಿದರೆ ಏಪ್ರಿಲ್‌ನಲ್ಲಿ ಪೆಡಲ್ ಭಾರವಾಗುತ್ತದೆ, ಬೇರಿಂಗ್ ಸವೆಯುತ್ತದೆ. ಅರ್ಧ ಸೆಂಟಿಮೀಟರಿನಷ್ಟೇ ಕತ್ತರಿಸಿ ನೋಡಿ. ಜೋಡಿಸುವ ತಂತಿಯ ಕೊಕ್ಕೆಯ ತುದಿಯನ್ನು ಚೆನ್ನಾಗಿ ಒಳಗೆ ಬಡಿದು ಮಡಚಿ, ಚಾಚಿಕೊಂಡಿದ್ದರೆ ಸೀರೆಯ ನೆರಿಗೆಗೆ ಸಿಕ್ಕಿಕೊಳ್ಳುತ್ತದೆ.