ಪ್ರಸಂಗದ ಸಮತೋಲ ಮತ್ತು ವರ್ಡ್ ಕ್ಲೌಡ್: ಲೂಕ 15ರ ಟಿಪ್ಪಣಿ

ಬೈಬಲಿನ ಲೂಕ 15:11-32ರಲ್ಲಿರುವ ತಪ್ಪಿಹೋದ ಮಗನ ಸಾಮ್ಯದ (ಯೇಸು ಹೇಳಿದ ದೃಷ್ಟಾಂತ ಕಥೆಯ) ಮೇಲೆ ಸಭೆಯಲ್ಲಿ ಹೇಳಲು ಬರೆದಿಟ್ಟಿದ್ದ ಪ್ರಸಂಗವನ್ನು ವರ್ಡ್ ಕ್ಲೌಡ್‌ಗೆ (ಹೆಚ್ಚು ಸಲ ಬರುವ ಪದವನ್ನು ಹೆಚ್ಚು ದೊಡ್ಡದಾಗಿ ತೋರಿಸುವ ಚಿತ್ರಕ್ಕೆ) ಹಾಕಿದಾಗ ‘ಪಾಪ’ ನಟ್ಟನಡುವೆ ದಪ್ಪಕ್ಷರದಲ್ಲಿ ನಿಂತಿತು, ‘ತಂದೆ’ಯನ್ನು ಹುಡುಕಬೇಕಾಯಿತು. ಇದೇ ಭಾಗದ ಗ್ರೀಕ್ ಮೂಲದಲ್ಲಿ ‘ತಂದೆ’ ಎಂಬ ಪದ 12 ಸಲ ಬರುತ್ತದೆ. ‘ಪಾಪಮಾಡಿದ್ದೇನೆ’ ಎಂಬ ಮಾತು 18 ಮತ್ತು 21ನೇ ವಚನಗಳಲ್ಲಿ ಮಾತ್ರ ಇದೆ. ದೇವರ ವಾಕ್ಯದ ತೂಕ ಒಂದು ಕಡೆ, ನನ್ನ ಪ್ರಸಂಗದ ತೂಕ ಇನ್ನೊಂದು ಕಡೆ ಎಂದು ಗಾಬರಿಯಾಯಿತು.

ಆ ಗಾಬರಿಯಲ್ಲಿ ಅರ್ಧ ಅನಗತ್ಯವಾಗಿತ್ತು. ಯಂತ್ರಕ್ಕೆ ವಿಭಕ್ತಿ ಗೊತ್ತಿಲ್ಲ: ತಂದೆ, ತಂದೆಯು, ತಂದೆಯ, ತಂದೆಗೆ, ತಂದೆಯನ್ನು, ತಂದೆಯಿಂದ ಅದಕ್ಕೆ ಆರು ಬೇರೆ ಪದಗಳು. ಆದ್ದರಿಂದ ‘ಹುಡುಕಿ ಬದಲಿಸು’ ಸೌಲಭ್ಯದಿಂದ ಎಲ್ಲವನ್ನೂ ‘ತಂದೆ’ ಎಂಬ ಮೂಲ ರೂಪಕ್ಕೆ ತರಬೇಕು. ನಾನು ಎಡವಿದ್ದು ಇಲ್ಲೇ. ಗಿಡ್ಡದಾದ ‘ತಂದೆಯ’ ಎಂಬುದನ್ನು ಮೊದಲು ಬದಲಿಸಿದೆ. ‘ತಂದೆಯನ್ನು’ ಹೋಗಿ ‘ತಂದೆನ್ನು’ ಆಯಿತು, ‘ತಂದೆಯು’ ಇದ್ದಲ್ಲಿ ಬರಿಯ ಕೊಂಬು ಚುಕ್ಕಿಗಳ ವೃತ್ತಕ್ಕೆ ಜೋತುಬಿದ್ದಿತು. ಕಂಪ್ಯೂಟರಿಗೆ ‘ಯು’ ಎಂದರೆ ‘ಯ’ದ ಮುಂದೆ ಕೊಂಬಿನ ಗುರುತು, ಹೀಗಾಗಿ ‘ತಂದೆಯು’, ‘ತಂದೆಯಿಂದ’ ಎರಡರೊಳಗೂ ಅದಕ್ಕೆ ‘ತಂದೆಯ’ ಸಿಗುತ್ತದೆ. ಉದ್ದದ ರೂಪಗಳನ್ನು ಮೊದಲು, ಗಿಡ್ಡ ರೂಪವನ್ನು ಕೊನೆಗೆ ಬದಲಿಸಿದರೆ ತೊಂದರೆಯಿಲ್ಲ. ದೇವರು, ಕೃಪೆ, ಕ್ರಿಸ್ತ, ಪಾಪ ಎಲ್ಲಕ್ಕೂ ಇದೇ ಕ್ರಮ. ‘ಆತನು’ ಎಂಬುದನ್ನು ಮಾತ್ರ ಎಣಿಕೆಯಿಂದ ಕೈಬಿಡುವ ಪದಗಳ ಪಟ್ಟಿಗೆ ಸೇರಿಸಬೇಡಿ. ನಮ್ಮ ಸತ್ಯವೇದದಲ್ಲಿ ಅದು ಹೆಚ್ಚಾಗಿ ದೇವರನ್ನೋ ಯೇಸುವನ್ನೋ ಸೂಚಿಸುತ್ತದೆ.

ಬಹಳ ಕಲಿಸಿದ್ದು ‘ಬೇಕು’. ಪ್ರಾರ್ಥಿಸಬೇಕು, ತಿರುಗಿಕೊಳ್ಳಬೇಕು, ಬಿಟ್ಟುಬಿಡಬೇಕು ಎಂದು ಅದು ಕ್ರಿಯಾಪದದೊಳಗೇ ಅಡಗುವುದರಿಂದ, ಪ್ರಸಂಗವಿಡೀ ಆಜ್ಞೆಗಳಿಂದ ತುಂಬಿದ್ದರೂ ಚಿತ್ರದಲ್ಲಿ ಕಾಣುವುದಿಲ್ಲ. ‘ಬೇಕು’ ಬಂದಲ್ಲೆಲ್ಲ ಅದರ ಮೊದಲು ಒಂದು ಖಾಲಿ ಜಾಗ ಸೇರಿಸಿ ಬಿಡಿಸಿದೆ. ಹೊಸ ಚಿತ್ರದಲ್ಲಿ ‘ತಂದೆ’ ‘ಪಾಪ’ದ ಸಮಕ್ಕೆ ಬಂದಿತ್ತು, ಆದರೆ ಎರಡಕ್ಕಿಂತಲೂ ದೊಡ್ಡದಾಗಿ ‘ಬೇಕು’ ಇತ್ತು. ಓಡಿಬಂದು ಮಗನ ಕೊರಳನ್ನು ಅಪ್ಪಿಕೊಂಡ ತಂದೆಯ ಕಥೆ ಹೇಳಹೊರಟು, ಕೇಳುವವರ ಹೆಗಲಿಗೆ ಕೆಲಸಗಳನ್ನು ಹೊರಿಸಿದ್ದೆನೆಂದು ಮನಸ್ಸಿಗೆ ನೋವಾಯಿತು. ಆದರೂ ‘ಕೃಪೆಯನ್ನು ಸಂಪಾದಿಸಬೇಕು ಎಂಬುದು ಸುಳ್ಳು’ ಎಂದರೂ ಯಂತ್ರ ಒಂದು ‘ಬೇಕು’ ಎಣಿಸುತ್ತದೆ. ಪ್ರತಿ ಸಲವೂ ಪ್ರಸಂಗದ ಆ ವಾಕ್ಯಕ್ಕೆ ಹಿಂದಿರುಗಿ ಓದಲೇಬೇಕು.

ಈ ಸಾಮ್ಯದ 22 ವಚನಗಳಲ್ಲಿ ಕೊನೆಯ 8 ಹಿರಿಯ ಮಗನವು. ಜಾಗ ಬಿಡದೆ ‘ಹಿರಿಯಮಗ’ ಎಂದು ಕೂಡಿಸದಿದ್ದರೆ ಇಬ್ಬರೂ ಒಂದೇ ‘ಮಗ’ನಾಗುತ್ತಾರೆ. ಕೂಡಿಸಿ ನೋಡಿದಾಗ ಅವನು ಕಣ್ಣಿಗೇ ಬೀಳಲಿಲ್ಲ. ಒಳಗೆ ಬರಲೊಲ್ಲದವನನ್ನು ಕರೆಯಲು ತಂದೆಯೇ ಹೊರಗೆ ಬಂದ 28ನೇ ವಚನವನ್ನು ನಾನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೆ. ಆ ಭಾಗವನ್ನು ಈಗ ಮತ್ತೆ ಬರೆಯುತ್ತಿದ್ದೇನೆ.