ಪಾಟ್ ಬದಲಿಸಿದ ಮೇಲೆ ಬೇಸ್ ಗಿಟಾರ್ ಏಕೆ ಮಂಕಾಯಿತು?

ಪ್ರಶ್ನೆ: ಮಂಡ್ಯದ ಆರ್ಕೆಸ್ಟ್ರಾ ತಂಡವೊಂದರಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ವಾಲ್ಯೂಮ್ ತಿರುಗಿಸಿದರೆ ಕರಕರ ಎನ್ನುತ್ತಿತ್ತು. ಆಂಪ್ಲಿಫೈಯರ್ ರಿಪೇರಿ ಅಂಗಡಿಯಲ್ಲಿ ಸಿಕ್ಕ ಪಾಟ್ (ವಾಲ್ಯೂಮ್ ಗುಂಡಿಯ ಕೆಳಗಿನ ಪೊಟೆನ್ಶಿಯೊಮೀಟರ್) ಹಾಕಿಸಿದೆ. ಕರಕರ ನಿಂತಿತು, ಜೊತೆಗೆ ದನಿಯ ಹೊಳಪೂ ಹೋಯಿತು. ಪೂರ್ತಿ ತಿರುಗಿಸಿದರೂ ಅಷ್ಟೇ. ಎಷ್ಟು ‘ಕೆ’ ಪಾಟ್ ಹಾಕಬೇಕು?

ಉತ್ತರ: ಹಳೆಯ ಪಾಟ್ ಎಸೆಯದಿದ್ದರೆ ಅದರ ಬೆನ್ನು ನೋಡಿ. ‘ಎ250ಕೆ’ ಎಂದೋ ‘ಬಿ500ಕೆ’ ಎಂದೋ ಇರುತ್ತದೆ. ‘ಕೆ’ ಎಂದರೆ ಸಾವಿರ ಓಮ್, ಅದು ರೋಧದ ಅಳತೆ; ಮುಂದಿನ ಅಕ್ಷರ ತಿರುಗಿಸಿದಂತೆ ರೋಧ ಬದಲಾಗುವ ರೀತಿಯನ್ನು ಹೇಳುತ್ತದೆ. ಹೊಸದರ ಮೇಲೆ 10ಕೆ ಅಥವಾ 50ಕೆ ಎಂದಿದ್ದರೆ ಕಳ್ಳ ಸಿಕ್ಕಿದಂತೆಯೇ.

ಪಾಟ್ ಪೂರ್ತಿ ತೆರೆದಾಗ ಅದು ಇಲ್ಲವೇ ಇಲ್ಲ ಎಂದು ಬಹಳ ಮಂದಿ ಭಾವಿಸುತ್ತಾರೆ. ಹಾಗಲ್ಲ. ಆಗಲೂ ಪಿಕಪ್‌ನ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಸಂಕೇತದಿಂದ ಅರ್ತಿಂಗ್‌ಗೆ ಅದರ ಇಡೀ ರೋಧ ಅಡ್ಡ ಕುಳಿತಿರುತ್ತದೆ. ಆ ರೋಧ ಕಡಿಮೆಯಿದ್ದಷ್ಟೂ ಸಂಕೇತ ಹೆಚ್ಚು ಸೋರಿಹೋಗುತ್ತದೆ. ವಿಶ್ವೇಶ್ವರಯ್ಯ ನಾಲೆಯ ಏರಿಯಲ್ಲಿ ಒಂದು ತೂತು ಇದೆ ಎಂದುಕೊಳ್ಳಿ. ನಾಲೆ ತುಂಬಿ ಹರಿಯುವಾಗ ಅದು ಲೆಕ್ಕಕ್ಕೇ ಬರುವುದಿಲ್ಲ. ನೀರು ಕಡಿಮೆಯಾದಾಗ ಕೊನೆಯ ಗದ್ದೆ ಒಣಗುತ್ತದೆ. ಪಿಕಪ್ ಎಂದರೆ ಸಾವಿರಾರು ಸುತ್ತಿನ ತಂತಿ. ಮಂದ್ರ ಸ್ವರಗಳಿಗೆ ಅದರ ತಡೆ ಕಡಿಮೆ, ಆವರ್ತನ ಏರಿದಂತೆ ತಡೆಯೂ ಏರುತ್ತದೆ. ಹೀಗಾಗಿ ಸೋರಿಕೆಯ ಪೆಟ್ಟು ಮೊದಲು ಬೀಳುವುದು ಮೇಲಿನ ನಾದಕ್ಕೆ: ತಂತಿ ಫ್ರೆಟ್‌ಗೆ ತಾಗುವ ಟಣತ್ಕಾರ, ಬೆರಳು ಮೀಟಿದ ಮೊನಚು. ಎರಡು ಕೀಬೋರ್ಡ್, ರಿದಮ್ ಪ್ಯಾಡ್‌ಗಳ ನಡುವೆ ನಿಮ್ಮ ಸ್ವರ ಜನರಿಗೆ ಕೇಳುವುದೇ ಆ ಮೊನಚಿನಿಂದ. ಅದನ್ನು ಬಿಟ್ಟುಕೊಡಬೇಡಿ.

ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ಗೆ 250ಕೆ, ಗುಂಯ್‌ಗುಡುವಿಕೆ ಕಳೆಯುವ ಎರಡು ಸುರುಳಿಯ ಹಂಬಕರ್‌ಗೆ 500ಕೆ ರೂಢಿ. ಫೆಂಡರ್ ಪ್ರಿಸಿಷನ್ ಬೇಸ್‌ನ ಎರಡು ತುಂಡಿನ ಪಿಕಪ್ ಗುಂಯ್‌ಗುಡುವಿಕೆಯನ್ನು ಕಳೆಯುವ ಜೋಡಿಯೇ ಆದರೂ ಅದಕ್ಕೆ 250ಕೆ ಸರಿ. ಬ್ಯಾಟರಿ ಬೇಡುವ ಆಕ್ಟಿವ್ ಪಿಕಪ್‌ಗಳ ಲೆಕ್ಕವೇ ಬೇರೆ, ಅವುಗಳಿಗೆ ಸಾಮಾನ್ಯವಾಗಿ 25ಕೆ. ಅದನ್ನು ಬ್ಯಾಟರಿಯಿಲ್ಲದ ಪಿಕಪ್‌ಗೆ ಹಾಕಿದರೆ ಕಂಬಳಿ ಹೊದಿಸಿದಂತೆ ಕೇಳುತ್ತದೆ.

ನಿಮ್ಮದು ಎರಡು ವಾಲ್ಯೂಮ್ ಇರುವ ಜಾಝ್ ಬೇಸ್ ಮಾದರಿಯಾದರೆ ಇನ್ನೊಂದು ಮಾತು. ಎರಡನ್ನೂ ಪೂರ್ತಿ ತೆರೆದಾಗ ಎರಡೂ ಪಾಟ್ ಸಮಾನಾಂತರವಾಗಿ ಸೇರುತ್ತವೆ, ಸೋರಲು ಎರಡು ದಾರಿಯಾಗಿ ಒಟ್ಟು ರೋಧ ಇಳಿಯುತ್ತದೆ: 250 ಮತ್ತು 250 ಸೇರಿ 125ಕೆ. ಒಂದನ್ನು 50ಕೆ ಮಾಡಿದರೆ ಒಟ್ಟು ಸುಮಾರು 42ಕೆ! ಕೆಟ್ಟ ಪಾಟ್ ಒಂದೇ, ಮಂಕಾಗುವ ಪಿಕಪ್ ಎರಡು.

ಬೆಸುಗೆಗೆ ಮುನ್ನ ಹೊಸ ಪಾಟ್‌ನ ಹೊರಗಿನ ಎರಡು ಕಾಲುಗಳಿಗೆ ಮಲ್ಟಿಮೀಟರ್ ಹಿಡಿಯಿರಿ. ಶೇಕಡಾ 20ರಷ್ಟು ಏರುಪೇರು ಸಹಜ. ಮೈಸೂರಿನ ನನ್ನ ಮೇಜಿನ ಮೇಲೆ ಈಗ ಇರುವ ಎರಡು 250ಕೆ ಪಾಟ್‌ಗಳಲ್ಲಿ ಒಂದು 214 ತೋರಿಸುತ್ತದೆ, ಇನ್ನೊಂದು 263. ಹೊಳಪು ಬೇಕೆನ್ನುವವರಿಗೆ ಎರಡನೆಯದನ್ನು ಹಾಕುತ್ತೇನೆ. ಅಂಗಡಿಯಲ್ಲಿ 220ಕೆ ಮಾತ್ರ ಸಿಕ್ಕರೆ ಧೈರ್ಯವಾಗಿ ತೆಗೆದುಕೊಳ್ಳಿ. 500ಕೆ ಮಾತ್ರ ಸಿಕ್ಕರೆ ಅದೇ ಹೊರ ಕಾಲುಗಳ ನಡುವೆ 470ಕೆ ರೆಸಿಸ್ಟರ್ ಒಂದನ್ನು ಬೆಸೆಯಿರಿ, 242ಕೆ ಆಗುತ್ತದೆ.